ಪೀರಮ್ಮನ ಡಬ್ಬಿ

ರಘುವೀರನ ಫೋನಿನಲ್ಲಿ ಇಪ್ಪತ್ತೆರಡು ಪ್ರಶ್ನೆಗಳಿದ್ದವು. ಕೂಸು ನೋಡಿಕೊಳ್ಳಲು ಬರುವ ಹೆಂಗಸನ್ನು ಏನೇನು ಕೇಳಬೇಕು ಎಂದು ಮೂರು ದಿನ ಹುಡುಕಿ, ಆರಿಸಿ, ನಂಬರು ಹಾಕಿ ಬರೆದಿಟ್ಟುಕೊಂಡಿದ್ದ. ಸೇಡಂನ ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಅವನಿಗೆ ಫಾರ್ಮು ತುಂಬಿಸದೆ ಯಾರ ಮೇಲೂ ನಂಬಿಕೆ ಹುಟ್ಟುತ್ತಿರಲಿಲ್ಲ. ಹೆಂಡತಿ ಪ್ರಮಿತಾ ಆಡಕಿಯ ಶಾಲೆಯಲ್ಲಿ ಟೀಚರು. ಅವಳ ರಜೆಗಳೆಲ್ಲ ಮುಗಿದು, ಜೂನ್ ಮೊದಲ ವಾರದಲ್ಲಿ ಹಾಜರಾಗಲೇಬೇಕಿತ್ತು. ಮಗಳು ಧೃತಿಗೆ ಹದಿನಾಲ್ಕು ತಿಂಗಳು. ಮನೆಯಲ್ಲಿ ರಘುವೀರನ ತಾಯಿ ಅನಸೂಯಾಬಾಯಿ ಇದ್ದಳು, ನಿಜ. ಆದರೆ ಧೃತಿ ಓಡುವ ವೇಗಕ್ಕೆ ಆಕೆಯ ಮೊಣಕಾಲು ಒಪ್ಪುತ್ತಿರಲಿಲ್ಲ.

ಹಾಗಾಗಿ ಪೀರಮ್ಮ ಬಂದು ಅವರ ಪಡಸಾಲೆಯ ಫರ್ಸಿಕಲ್ಲಿನ ನೆಲದ ಮೇಲೆ ಕುಳಿತಿದ್ದಳು. ಕುರ್ಚಿ ಕೊಟ್ಟರೂ ಬೇಡ ಎಂದಿದ್ದಳು. ಕೂಸು ನೆಲದ ಮೇಲಿರುವಾಗ ತಾನು ಕುರ್ಚಿ ಏರಿ ಕುಳಿತು ನೋಡುವುದೇನು? ತನ್ನ ಬಟ್ಟೆಯ ಚೀಲವನ್ನು ಪಕ್ಕಕ್ಕಿಟ್ಟು, ಅದರ ಬಾಯನ್ನು ಬೇಕೆಂದೇ ಅಗಲವಾಗಿ ತೆರೆದಿಟ್ಟಿದ್ದಳು. ಯಾವ ಮನೆಗೆ ಮೊದಲ ಸಲ ಹೋದರೂ ಹಾಗೆಯೇ ಇಡುತ್ತಿದ್ದಳು. ಯಾಕೆ ಎಂಬುದು ಆಕೆಗೆ ಮಾತ್ರ ಗೊತ್ತು.

"ಎಷ್ಟು ವರ್ಷದ ಅನುಭವ ಅದರಿ?" ರಘುವೀರ ಒಂದನೇ ನಂಬರಿನಿಂದ ಶುರುಮಾಡಿದ.

"ಕೂಸುಗಳದು ಮೂವತ್ತೊಂದು ವರ್ಷ ಆತ್ರಿ. ಕೂಸುಗಳ ಅಪ್ಪಂದಿರದು ಇನ್ನಾ ಕಲೀಲಿಕತ್ತೀನಿ."

ಪ್ರಮಿತಾ ನಗು ತಡೆದುಕೊಂಡಳು. ರಘುವೀರನಿಗೆ ತಡೆಯಲು ನಗುವೇ ಇರಲಿಲ್ಲ. ಮುಂದಿನ ಪ್ರಶ್ನೆಗೆ ಬೆರಳು ಸರಿಸಿದ.

"ಕೂಸಿನ ಗಂಟಲದಾಗ ಏನರೆ ಸಿಕ್ಕರ ಏನ್ ಮಾಡ್ತೀರಿ?"

ಪೀರಮ್ಮ ಅಲ್ಲೇ ಬಿದ್ದಿದ್ದ ದಿಂಬನ್ನು ತೊಡೆಯ ಮೇಲೆ ಬೋರಲಾಗಿ, ತಲೆ ಕೆಳಗಾಗುವಂತೆ ಮಲಗಿಸಿ, ಬೆನ್ನಿನ ಮೇಲ್ಭಾಗಕ್ಕೆ ಅಂಗೈಯಿಂದ ಐದು ಏಟು ಹಾಕಿ ತೋರಿಸಿದಳು. ನರ್ಸಮ್ಮನೊಬ್ಬಳ ಮನೆಯಲ್ಲಿ ಕೂಸು ನೋಡಿಕೊಂಡಿದ್ದಾಗ ಕಲಿತದ್ದು. "ದೊಡ್ಡವರಿಗಿ ಹ್ಯಾಂಗಂತ ತೋರಸ್ಲೇನ್ರಿ ಸಾಹೇಬ್ರ?" ಎಂದು ಕೇಳಿದಾಗ ರಘುವೀರ ಒಂದು ಮೊಳ ಹಿಂದೆ ಸರಿದ.

"ಜ್ವರ ಬಂದ್ರ?"

"ಮೊದ್ಲು ನಿಮಗ ಫೋನು, ಆಮ್ಯಾಲ ಡಾಕ್ಟರು. ನನ್ನ ಹತ್ತರ ಯಾವ ಔಷಧಾನೂ ಇಲ್ಲ. ‘ನನಗ ಎಲ್ಲಾ ಔಷಧ ಗೊತ್ತದ’ ಅನ್ನಾಕಿ ಬಂದ್ರ, ಬಾಗಿಲದಾಗಿಂದೇ ಹೊಳ್ಳಿ ಕಳಸ್ರಿ."

"ಕೂಸಿನ್ನ ಬಿಟ್ಟು ಫೋನು ನೋಡ್ಕೋತ ಕುಂದ್ರತೀರೇನು?"

ಪೀರಮ್ಮ ಸೊಂಟದಿಂದ ತನ್ನ ಫೋನು ತೆಗೆದು ತೋರಿಸಿದಳು. ಗುಂಡಿ ಒತ್ತುವ ಫೋನು. ಬ್ಯಾಟರಿ ಬೀಳದಂತೆ ರಬ್ಬರ್ ಬ್ಯಾಂಡು ಸುತ್ತಿತ್ತು. "ಇದನ್ನ ನೋಡ್ಕೋತ ಕುಂತ್ರ ನನಗೇ ಅಳು ಬರ್ತದ್ರಿ."

ಒಂಬತ್ತನೇ ಪ್ರಶ್ನೆಗೆ ಬರುವ ಹೊತ್ತಿಗೆ ಧೃತಿ ಚೀಲಕ್ಕೆ ಕೈಹಾಕಿದ್ದಳು. ಒಂದು ಕಟ್ಟಿಗೆಯ ಸೌಟು, ಒಂದು ಖಾಲಿ ಪೌಡರ್ ಡಬ್ಬಿ, ಆಮೇಲೆ ದಪ್ಪನೆಯ ಒಂದು ಉಳ್ಳಾಗಡ್ಡಿ ಹೊರಗೆ ಬಂದವು. ಸೌಟು ನೇರ ಬಾಯಿಗೆ ಹೋಯಿತು. ಪೀರಮ್ಮ ಕಾಯುತ್ತಿದ್ದದ್ದು ಇದಕ್ಕೇ. "ಛೀ ಹೊಲಸು!" ಎಂದು ಚೀರಿ ಕೂಸನ್ನು ಎಳೆದುಕೊಳ್ಳುವ ತಾಯಂದಿರಿದ್ದರು; ಅಂಥ ಮನೆಗೆ ಆಕೆ ಎರಡನೇ ಸಲ ಹೋಗುತ್ತಿರಲಿಲ್ಲ. ಪ್ರಮಿತಾ ಸೌಟನ್ನು ತೆಗೆದುಕೊಂಡು, ಸೆರಗಿನಿಂದ ಒರೆಸಿ, ಮತ್ತೆ ಕೂಸಿನ ಕೈಗೇ ಕೊಟ್ಟಳು. ಪೀರಮ್ಮ ಮನಸ್ಸಿನಲ್ಲಿಯೇ ಈ ಮನೆಗೆ ಹೂಂ ಅಂದುಬಿಟ್ಟಳು. ರಘುವೀರನ ಹದಿಮೂರು ಪ್ರಶ್ನೆಗಳು ಇನ್ನೂ ಬಾಕಿಯಿದ್ದವು, ಪಾಪ.

ಆದರೆ ಅನಸೂಯಾಬಾಯಿಯ ಕಣ್ಣು ಉಳ್ಳಾಗಡ್ಡಿಯ ಮೇಲೆ ನಟ್ಟಿತ್ತು. ಮಧ್ವಮತದ ಮನೆ, ಆ ವಸ್ತು ಆ ನೆಲ ತುಳಿದದ್ದೇ ಮೊದಲ ಸಲ.

"ನಮ್ಮ ಮನಿಯಾಗ ಉಳ್ಳಾಗಡ್ಡಿ, ಬೆಳ್ಳೊಳ್ಳಿ ನಡಿಯಂಗಿಲ್ಲ," ಎಂದಳು. "ನೀ ಊಟ ಹಿತ್ತಲದಾಗ ಮಾಡು. ಬೇವಿನ ಗಿಡದ ಕೆಳಗ ಕಟ್ಟಿ ಅದ."

ಹೇಳಿದ ಕಾರಣ ಉಳ್ಳಾಗಡ್ಡಿ. ಹೇಳದ ಕಾರಣವೂ ಒಂದಿತ್ತು. ಪೀರಮ್ಮನ ಮಗನ ಹೆಸರು ಜೈಭೀಮ ಎಂದು ಅರ್ಧ ಗಂಟೆಯ ಹಿಂದೆ ತಿಳಿದ ಮೇಲೆ ಆ ಕಾರಣವನ್ನು ಬಾಯಿಬಿಟ್ಟು ಹೇಳುವ ಅಗತ್ಯವೂ ಇರಲಿಲ್ಲ. ಪೀರಮ್ಮನ ಎದೆಯಲ್ಲಿ ಚುರ್ ಎಂದಿತು. ಐವತ್ತೆಂಟು ವರ್ಷವಾದರೂ ಅದು ಪ್ರತಿ ಸಲ ಹೊಸದಾಗಿಯೇ ಚುರುಗುಟ್ಟುತ್ತಿತ್ತು. ಆದರೂ "ಆಗ್ಲಿ ಬಾಯಾರ" ಎಂದಳು. ಹೊರಗೆ ಬೇವಿನ ಗಾಳಿ ಇರುತ್ತದೆ, ಒಳಗೆ ಅನಸೂಯಾಬಾಯಿ ಇರುತ್ತಾಳೆ. ಎರಡರಲ್ಲಿ ಗಾಳಿಯೇ ವಾಸಿ ಎಂದುಕೊಂಡಳು.

"ನಂದೂ ಒಂದು ಪ್ರಶ್ನಿ ಅದ," ಎಂದು ಹೊರಡುವ ಮುಂಚೆ ರಘುವೀರನತ್ತ ತಿರುಗಿದಳು. "ಕೂಸು ಬಿದ್ದು ಅತ್ರ, ನೀವು ಮೊದ್ಲು ಕೂಸಿನ್ನ ನೋಡ್ತೀರೋ, ನನ್ನ ನೋಡ್ತೀರೋ?"

"ಕೂಸಿನ್ನೇ ನೋಡ್ತೀವಿ, ಮತ್ತ!"

"ಬರಕೋರಿ ಸಾಹೇಬ್ರ. ಇಪ್ಪತ್ತಮೂರನೇದು."

ಈ ಪೀರಮ್ಮ ಯಾರು ಎಂದು ಸೇಡಂನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಹುಟ್ಟಿದ್ದು ಕೊಡ್ಲಿಯಲ್ಲಿ. ಮದುವೆಯಾಗಿ ಬಂದದ್ದು ಶಹಾಬಾದಿಗೆ. ಗಂಡ ಭೀಮಶ್ಯಾ ಖಣಿಯಲ್ಲಿ ಫರ್ಸಿ ಎಬ್ಬಿಸುತ್ತಿದ್ದ. ಕೂಸು ನೋಡಿಕೊಳ್ಳುವ ಕೆಲಸಕ್ಕೆ ಬಿದ್ದದ್ದು ಮಾತ್ರ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ. ರೈಲ್ವೆ ನೌಕರನೊಬ್ಬನ ಹೆಂಡತಿ "ಜರಾ ಹಿಡ್ಕೋರಿ, ಟಿಕೀಟು ತಗೊಂಡು ಬರ್ತೀನಿ" ಎಂದು ನಾಲ್ಕು ತಿಂಗಳ ಗಂಡುಕೂಸನ್ನು ಕೈಗೆ ಕೊಟ್ಟು ಹೋದಳು. ಪಾಳಿಯ ಸಾಲು ಉದ್ದವಿತ್ತು. ತಿರುಗಿ ಬರುವಷ್ಟರಲ್ಲಿ ಕೂಸು ಪೀರಮ್ಮನ ಹೆಗಲ ಮೇಲೆ ನಿದ್ದೆ ಹೋಗಿತ್ತು. ಎಬ್ಬಿಸಿದರೆ ತಾಯಿಯ ಕೈಗೆ ಹೋಗಲೊಲ್ಲದು. ಆ ತಾಯಿ ರೈಲು ಬಿಟ್ಟಳು, ಪೀರಮ್ಮನನ್ನು ಹಿಡಿದುಕೊಂಡಳು.

ಅಲ್ಲಿಂದ ವಾಡಿ, ಚಿತ್ತಾಪುರ, ಸೇಡಂ ಎಂದು ಹದಿನೇಳು ಕೂಸುಗಳು ಆಕೆಯ ಸೊಂಟದ ಮೇಲೆ ಬೆಳೆದವು. ಪ್ರತಿಯೊಂದಕ್ಕೂ ಆಕೆ ಒಂದು ಹುದ್ದೆ ಕೊಡುತ್ತಿದ್ದಳು. ಒಬ್ಬ ತಹಸೀಲ್ದಾರ, ಒಬ್ಬಳು ವಕೀಲಮ್ಮ. ವಾಡಿಯ ಕೂಸು ಸ್ಟೇಷನ್ ಮಾಸ್ತರ. ಅವನು ದೊಡ್ಡವನಾಗಿ ನಿಜಕ್ಕೂ ರೈಲಿನಲ್ಲಿ ಟಿಕೀಟು ತಪಾಸಣೆಗೆ ಸೇರಿದ್ದ, ಮತ್ತು ಪೀರಮ್ಮ ಆ ರೈಲು ಹತ್ತಿದರೆ ಮೊದಲು ಆಕೆಯ ಟಿಕೀಟನ್ನೇ ಕೇಳುತ್ತಿದ್ದ. ಸಾಕಿದ ಕೈಗೆ ಸಂದ ಮರ್ಯಾದೆ! ಸೇಡಂನ ಅಲ್ಮಾಸ್ ಬೇಗಂಳ ಮಗ ಮುಜೀಬನಿಗೆ ಫೌಜದಾರ ಎಂದು ಹೆಸರಿಟ್ಟಿದ್ದಳು; ಅವನು ಈಗಲೂ ಪೊಲೀಸರನ್ನು ಕಂಡರೆ ಬೇರೆ ಗಲ್ಲಿ ಹಿಡಿಯುತ್ತಾನೆ. ಈ ಮನೆಗೆ ಪೀರಮ್ಮನ ಹೆಸರು ಹೇಳಿದ್ದೂ ಅಲ್ಮಾಸಳೇ. ಹದಿನೇಳು ಮನೆಯಲ್ಲಿ ಒಂದು ಮನೆಯವರೂ ಆಕೆಗೆ "ನಾಳೆಯಿಂದ ಬರಬೇಡ" ಎಂದಿರಲಿಲ್ಲ. ಆಕೆಯ ಹತ್ತಿರ ಇದ್ದ ಆಸ್ತಿಯೆಂದರೆ ಆ ಹೆಸರೊಂದೇ. ಒಂದು ಮನೆಯಲ್ಲಿ ಕೆಟ್ಟರೆ ಸೇಡಂನ ಎಲ್ಲ ಮನೆಗಳಲ್ಲೂ ಕೆಡುತ್ತದೆ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಧೃತಿ ಹದಿನೆಂಟನೆಯವಳು. ನೋಡಿದ ಕೂಡಲೇ ಅವಳನ್ನು ಕಲೆಕ್ಟರಮ್ಮ ಮಾಡಿಬಿಟ್ಟಳು.

ಕೆಲಸಕ್ಕೆ ಬಂದ ಎರಡನೇ ದಿನವೇ ಕಲೆಕ್ಟರಮ್ಮ ಪಡಸಾಲೆಯ ಶೆಲ್ಫಿನತ್ತ ಬೆರಳು ತೋರಿಸಿ "ಆ! ಆ!" ಎಂದಳು. ಹಿತ್ತಾಳೆಯ ನಂದಾದೀಪದ ಪಕ್ಕ ಬಿಳಿಯದೊಂದು ಚಿಕ್ಕ ಗುಂಡು. ಅದರಲ್ಲಿ ಕೆಂಪು ಚುಕ್ಕೆ ಮಿಣಮಿಣ ಎನ್ನುತ್ತಿತ್ತು. ಚಿತ್ತಾಪುರದ ಡಾಕ್ಟರ ಮನೆಯಲ್ಲಿ ಅಂಥದ್ದನ್ನು ಪೀರಮ್ಮ ನೋಡಿದ್ದಳು.

"ಅದೇನ್ರಿ ಬಾಯಾರ?" ಎಂದು ಏನೂ ಅರಿಯದವಳಂತೆ ಕೇಳಿದಳು.

"ಸೊಳ್ಳಿ ಓಡಸೋ ಯಂತ್ರಂತ. ರಘು ತಂದು ಹಚ್ಯಾನ," ಎಂದಳು ಅನಸೂಯಾಬಾಯಿ.

ಎಲಾ ಇವನ! ಹೆತ್ತ ತಾಯಿಗೇ ಸುಳ್ಳು. ಕ್ಯಾಮೆರಾ ಇದೆಯೆಂದು ತಾಯಿಗೆ ಹೇಳಿದರೆ, ತಾಯಿ ಪೀರಮ್ಮನಿಗೆ ಹೇಳಿಬಿಡುತ್ತಾಳೆ ಎಂಬ ಹೆದರಿಕೆ ಅವನಿಗೆ. ಮಗ ಹೇಳಿದ ಸುಳ್ಳನ್ನು ತಾನೇಕೆ ಒಡೆಯಬೇಕು ಎಂದು ಪೀರಮ್ಮ ಸುಮ್ಮನಾದಳು. ಆದರೆ ಪೂರ್ತಿ ಸುಮ್ಮನಿರುವುದು ಆಕೆಯ ಹಣೆಯಲ್ಲಿ ಬರೆದಿರಲಿಲ್ಲ. ಮರುದಿನ ಬೆಳಿಗ್ಗೆ ಹತ್ತೂವರೆಗೆ ಸೊಳ್ಳೆ ಯಂತ್ರದ ಮುಂದೆ ನಿಂತು ಎರಡೂ ಕೈ ಜೋಡಿಸಿದಳು. "ನಮಸ್ಕಾರ್ರಿ ಸಾಹೇಬ್ರ. ಕಲೆಕ್ಟರಮ್ಮ ಹಾಲು ಕುಡದಾರ, ಒಂದಾ ಎರಡಾ ಎಲ್ಲಾ ಮುಗಿಸ್ಯಾರ. ನಿಮ್ಮದೂ ಚಹಾ ಆತೇನು?"

ಬ್ಯಾಂಕಿನಲ್ಲಿ ಕೌಂಟರಿನ ಹಿಂದೆ ಫೋನು ಹಿಡಿದು ಕುಳಿತಿದ್ದ ರಘುವೀರನ ಕೈಯ ಚಹಾ ಅಂಗಿಯ ಮೇಲೆ ಚೆಲ್ಲಿತು. ಎರಡನೇ ವಾರದಿಂದ ಅವನು ನೋಡುವುದನ್ನೇ ಬಿಟ್ಟ. ಯಂತ್ರ ಮಾತ್ರ ತನ್ನ ಪಾಡಿಗೆ ತಾನು ಎಲ್ಲವನ್ನೂ ತುಂಬಿಕೊಳ್ಳುತ್ತಲೇ ಇತ್ತು.

ಜುಲೈಯಲ್ಲಿ ಆಷಾಢ ಏಕಾದಶಿ ಬಂತು. ಅನಸೂಯಾಬಾಯಿ ಚಾತುರ್ಮಾಸ್ಯ ಹಿಡಿದಳು. ನಾಲ್ಕು ತಿಂಗಳ ವ್ರತದಲ್ಲಿ ಮೊದಲನೆಯದು ಶಾಕವ್ರತ: ಕಾಯಿಪಲ್ಯ ಇಲ್ಲ, ಸೊಪ್ಪು-ತಪ್ಪಲು ಇಲ್ಲ, ಹುಣಸೆ ಇಲ್ಲ, ಮೆಣಸಿನಕಾಯಿ ಇಲ್ಲ. ಅನ್ನ, ಹೆಸರುಬೇಳೆ, ಕಾಳುಮೆಣಸು, ಜೀರಿಗೆ. ಮರುದಿನ ಜೀರಿಗೆ, ಕಾಳುಮೆಣಸು, ಹೆಸರುಬೇಳೆ, ಅನ್ನ. ಮೂವತ್ತು ವರ್ಷದಿಂದ ತಪ್ಪದೆ ಮಾಡಿದ ವ್ರತ. ಆದರೆ ಅರವತ್ತೆಂಟರ ನಾಲಿಗೆ ಬೇರೆ. ಹಲ್ಲು ಸಡಿಲವಾದಂತೆ ಅದಕ್ಕೆ ಹಟ ಹೆಚ್ಚುತ್ತದೆ.

ಹನ್ನೆರಡನೇ ದಿನ ಜಡಿಮಳೆ ಹಿಡಿಯಿತು. ಬೇವಿನ ಕಟ್ಟೆಯ ಮೇಲೆ ಮೊಳಕಾಲುದ್ದ ನೀರು ಹರಿಯದಿದ್ದರೂ, ಕೂತು ಉಣ್ಣುವಂತಿರಲಿಲ್ಲ. "ಹಿಂದಿನ ಪಡಸಾಲ್ಯಾಗ ಬಾಗಿಲ ಹತ್ತರ ಕುಂದ್ರು, ಏನ್ ಮಾಡೋದು" ಎಂದು ಅನಸೂಯಾಬಾಯಿಯೇ ಹೇಳಿದಳು. ಧೃತಿ ನಿದ್ದೆ ಮಾಡಿದ್ದಳು. ಪೀರಮ್ಮ ಡಬ್ಬಿ ತೆರೆದಳು.

ಪುಂಡಿಪಲ್ಯ. ಹುಳಿಹುಳಿಯಾದ ಪುಂಡಿ ತಪ್ಪಲಿಗೆ ಜೋಳದ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಕುದಿಸಿ, ಮೇಲೆ ಬೆಳ್ಳುಳ್ಳಿಯ ಒಗ್ಗರಣೆ. ಮಾಡಿದವನು ಭೀಮಶ್ಯಾ. ಸೊಂಟ ಹಿಡಿದು ಖಣಿ ಬಿಟ್ಟ ಮೇಲೆ ಅವನು ಒಲೆಯ ಮುಂದೆ ಕುಳಿತವನು, ಹೆಂಡತಿಗಿಂತ ಚೆನ್ನಾಗಿ ಅಡಿಗೆ ಕಲಿತುಬಿಟ್ಟಿದ್ದ. ಆ ಒಗ್ಗರಣೆಯ ವಾಸನೆ ಪಡಸಾಲೆ ದಾಟಿ, ದೇವರ ಕೋಣೆಯ ಬಾಗಿಲಿಗೆ ಹೋಗಿ ನಿಂತಿತು. ಜಪದ ಮಣಿಗಳ ಸಪ್ಪಳ ನಿಂತುಹೋಯಿತು.

"ಅದೇನು?" ಎಂದು ಒಳಗಿಂದ ದನಿ ಬಂತು.

"ಏನಿಲ್ರಿ ಬಾಯಾರ. ಪುಂಡಿಪಲ್ಯ."

"ಹ್ಞೂಂ," ಎಂದಿತು ದನಿ. ಬಹಳ ಹೊತ್ತಾದ ಮೇಲೆ ಮಣಿ ಮತ್ತೆ ಸರಿದವು.

ಎರಡನೇ ದಿನವೂ ಮಳೆ. ಅನಸೂಯಾಬಾಯಿ ಜಪಮಾಲೆಯ ಸಮೇತ ಹಿಂದಿನ ಪಡಸಾಲೆಗೇ ಬಂದು ಕುಳಿತಳು, ಅಲ್ಲಿ ಗಾಳಿ ಚೆನ್ನಾಗಿದೆ ಎಂದು. "ನಮ್ಮ ತವರಮನಿ ಸುಲೇಪೇಟ," ಎಂದು ತಾನಾಗಿ ಮಾತು ತೆಗೆದಳು. "ಸಣ್ಣಾಕಿದ್ದಾಗ ಹೊಲಕ್ಕ ಹೋದಾಗ, ಆಳಿನ ಮಗಳು ರೊಟ್ಟಿ ಮ್ಯಾಲ ಇದನ್ನ ಇಟ್ಟು ಕೊಟ್ಟಿದ್ಳು. ಒಂದೇ ಸಲ ತಿಂದೀನಿ. ನಮ್ಮವ್ವ ಕಸಬರಗಿ ತಗೊಂಡು ಬಡದ್ಳು."

"ರುಚಿ ನೆನಪದೇನ್ರಿ?"

"ಕಸಬರಗಿ ಏಟು ಮಾತ್ರ ನೆನಪಿಲ್ಲ," ಎಂದಳು ಅನಸೂಯಾಬಾಯಿ.

ಮೂರನೇ ದಿನ ಆಕೆ ಸುತ್ತುಬಳಸಲಿಲ್ಲ. "ಉಪ್ಪು ಬರೋಬರಿ ಆಗ್ಯದೋ ಇಲ್ಲೋ ನೋಡ್ಲೇನು?"

ಪೀರಮ್ಮ ಡಬ್ಬಿಯ ಮುಚ್ಚಳ ಹಾಕಿದಳು. "ನಾ ಕೊಡಂಗಿಲ್ರಿ ಬಾಯಾರ. ನಾಳಿ ಪೀರಮ್ಮ ಕೊಟ್ಟು ವ್ರತ ಕೆಡಸಿದ್ಳು ಅಂತ ನನ್ನ ಮ್ಯಾಲ ಬರಬಾರದು."

"ನೀ ಎಲ್ಲಿ ಕೊಡಾಕತ್ತೀದಿ? ಕೂಸು ಎದ್ದಂಗ ಅದ, ಹೋಗಿ ನೋಡು. ಡಬ್ಬಿ ಅಲ್ಲೇ ಇರ್ಲಿ."

ಕೂಸು ಎದ್ದಿರಲಿಲ್ಲ. ಆದರೂ ಪೀರಮ್ಮ ಹೋಗಿ ನೋಡಿ ಬಂದಳು. ಡಬ್ಬಿಯಲ್ಲಿದ್ದ ಮೂರು ರೊಟ್ಟಿ ಎರಡಾಗಿದ್ದವು. ಅನಸೂಯಾಬಾಯಿ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದಳು. ತುಟಿಯ ತುದಿಯಲ್ಲಿ ಹಸಿರು ಎಣ್ಣೆಯ ಹೊಳಪಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ನಾವೆಲ್ಲ ಕೇಳಿದ್ದೇವೆ. ಪೀರಮ್ಮ ಕಣ್ಣಾರೆ ಕಂಡಳು.

"ಈ ಹಿತ್ತಲದಾಗ ಅಳಿಲು ಭಾಳ ಆಗ್ಯಾವ," ಎಂದಳು ಅನಸೂಯಾಬಾಯಿ, ಕಣ್ಣು ತೆರೆಯದೆ.

"ಹೌದ್ರಿ. ಅಳಿಲಿಗಿ ಬೆಳ್ಳೊಳ್ಳಿ ಸೇರ್ತದಂತ ಇವತ್ತೇ ಗೊತ್ತಾತು."

ಅಂದಿನಿಂದ ಅಳಿಲಿನ ಸೇವೆ ಶುರುವಾಯಿತು. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ. ಹನ್ನೆರಡೂವರೆಗೆ ಪೀರಮ್ಮ ಡಬ್ಬಿ ತೆರೆದಿಟ್ಟು, "ಅಳಿಲಿಗಿ ಇವತ್ತ ಶೇಂಗಾ ಹಿಂಡಿನೂ ಅದ" ಎಂದು ಗಾಳಿಗೆ ಹೇಳಿ, ಕೂಸಿನ ಹತ್ತಿರ ಹೋಗುತ್ತಿದ್ದಳು. ಮನೆಯಲ್ಲಿ ಭೀಮಶ್ಯಾ, ವಯಸ್ಸಾದಂತೆ ಹೆಂಡತಿಯ ಹಸಿವು ಹೆಚ್ಚುತ್ತಿದೆ ಎಂದು ಖುಷಿಯಿಂದ ರೊಟ್ಟಿ ಐದು ಮಾಡಿದ.

ಒಂದು ತೊಡಕಿತ್ತು. ಸೊಳ್ಳೆ ಯಂತ್ರ! ಪಡಸಾಲೆಯ ಶೆಲ್ಫಿನಿಂದ ಅದಕ್ಕೆ ಹಿಂದಿನ ಬಾಗಿಲಿನವರೆಗೂ ನೇರ ಕಾಣುತ್ತಿತ್ತು. ಆ ಮೊದಲ ದಿನದಿಂದಲೇ ಪೀರಮ್ಮ ದಿನವೂ ಹನ್ನೆರಡೂವರೆಗೆ ಕೂಸಿನ ಒದ್ದೆ ದುಪಟಿಯನ್ನು ಒಣಗಲೆಂದು ಅದರ ಮುಂದೆ ಹರವುತ್ತಿದ್ದಳು. ಒಂದು ಗಂಟೆಗೆ ತೆಗೆಯುತ್ತಿದ್ದಳು. ಅನಸೂಯಾಬಾಯಿಗೆ ಅದೂ ಗೊತ್ತಿರಲಿಲ್ಲ.

ಹೀಗೆ ಹನ್ನೊಂದು ದಿನ ನಡೆಯಿತು.

ಹನ್ನೊಂದನೇ ದಿನ ಶುಕ್ರವಾರ. ಹಳ್ಳದ ನೀರು ರಸ್ತೆಗೆ ಬಂತೆಂದು ಆಡಕಿಯ ಶಾಲೆಯನ್ನು ಬೇಗ ಬಿಟ್ಟರು. ರಘುವೀರ ಬ್ಯಾಂಕಿನಿಂದ ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಪ್ರಮಿತಾಳನ್ನು ಗಾಡಿಯ ಮೇಲೆ ಕೂಡಿಸಿಕೊಂಡು ಮನೆಗೆ ಬಂದ. ಆ ಹೊತ್ತಿಗೆ ಪೀರಮ್ಮ ಮಲಗಿದ್ದ ಕೂಸನ್ನು ನೋಡಿ, ಎರಡು ನಿಮಿಷಕ್ಕೆಂದು ಬಚ್ಚಲಿಗೆ ಹೋಗಿದ್ದಳು. ಕೂಸು ಮಲಗಿರಲಿಲ್ಲ, ಮಲಗಿದಂತೆ ಮಾಡಿತ್ತು. ಎದ್ದು ತಪ್ಪುಹೆಜ್ಜೆ ಹಾಕುತ್ತ ಅಜ್ಜಿಯ ಹಿಂದೆ ಬಂದು, ಡಬ್ಬಿಯೊಳಗೆ ಕೈ ಅದ್ದಿ, ನೆಕ್ಕಿ, ಅದೇ ಕೈಯಿಂದ ಕೆನ್ನೆಯನ್ನೆಲ್ಲ ಉಜ್ಜಿಕೊಂಡಿತು.

ಗೇಟಿನ ಸಪ್ಪಳ, ಕೂಸಿನ ಚೀರಾಟ ಎರಡೂ ಒಟ್ಟಿಗೇ ಆದವು. ಅನಸೂಯಾಬಾಯಿಯ ಕೈಯಲ್ಲಿ ಅರ್ಧ ರೊಟ್ಟಿ, ಅದರ ಮೇಲೆ ಪಲ್ಯ. ಎಸೆಯಲು ಮನಸ್ಸಿಲ್ಲ, ನುಂಗಲು ಹೊತ್ತಿಲ್ಲ. ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು, ಮೊಣಕಾಲು ನೋವನ್ನೂ ಮರೆತು ದೇವರ ಕೋಣೆಯ ಬಾಗಿಲಿಗೆ ಹಾರಿ, ಮಾಲೆ ಹಿಡಿದು ಕುಳಿತಳು. ಅಷ್ಟು ವೇಗ ಆಕೆ ಮದುವೆಯಾದಾಗಿನಿಂದ ತೋರಿಸಿರಲಿಲ್ಲ.

ಪೀರಮ್ಮ ಓಡಿಬಂದಳು. ಕೂಸಿನ ಕೈ ತೊಳೆದು, ಮುಖ ತೊಳೆದು, ಬಾಯಿಗೆ ಒಂದು ಚಮಚ ಮೊಸರು ಹಾಕುವಷ್ಟರಲ್ಲಿ ಪ್ರಮಿತಾ ಒಳಗೆ ಬಂದು ಮಗಳನ್ನು ಕಿತ್ತುಕೊಂಡಳು. ಮಗಳ ಬಾಯಿ ಮೂಸಿ ನೋಡಿದಳು. ಬೆಳ್ಳುಳ್ಳಿ. ತೆರೆದ ಡಬ್ಬಿ ಬಾಗಿಲ ಹತ್ತಿರವೇ ಇತ್ತು.

ರಘುವೀರ ಏನು ಮಾಡಿದ? ಕೂಸು ಅಳುತ್ತಿತ್ತು, ಅವನು ಕ್ಯಾಮೆರಾ ನೋಡಿದ. ಅದರ ಮೇಲೆ ದುಪಟಿ. ಫೋನು ತೆಗೆದು ಹಿಂದಿನ ದಿನದ್ದು ತೆರೆದ, ಅದರ ಹಿಂದಿನ ದಿನದ್ದು ತೆರೆದ, ಹಾಗೇ ಹಿಂದಕ್ಕೆ ಹೋದ. ಹನ್ನೆರಡೂವರೆಯಿಂದ ಒಂದು ಗಂಟೆ, ಎಲ್ಲ ಕತ್ತಲು.

"ಹನ್ನೊಂದು ದಿನ!" ಎಂದ. "ಹನ್ನೊಂದು ದಿನದಿಂದ ಕ್ಯಾಮೆರಾ ಮುಚ್ಚಿ ಕೂಸಿಗಿ ಏನ್ ಮಾಡಾಕತ್ತೀರಿ?"

"ಇಪ್ಪತ್ತಮೂರನೇದು ಮರ್ತ್ರೇನ್ರಿ ಸಾಹೇಬ್ರ?" ಎಂದಳು ಪೀರಮ್ಮ.

ಅವನಿಗೆ ಕೇಳಿಸಲಿಲ್ಲ. ಪ್ರಮಿತಾಳ ಕಣ್ಣಲ್ಲಿ ನೀರಿತ್ತು. "ನಿಮ್ಮ ಮ್ಯಾಲ ಬಿಟ್ಟು ನಾ ಆಡಕಿಗಿ ಹೋಗ್ತಿದ್ದೆ ಪೀರಮ್ಮ. ಅಳಬಾರದಂತ ಖಾರ ಕೊಟ್ಟು ಹೆದರಿಸ್ತಿದ್ರೇನು?"

ಆ ಮಾತು ಪೀರಮ್ಮನಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಆಕೆ ಒಮ್ಮೆ, ಒಂದೇ ಒಮ್ಮೆ, ದೇವರ ಕೋಣೆಯತ್ತ ನೋಡಿದಳು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬ ಗಾದೆಯಿದೆಯಲ್ಲ, ಇಲ್ಲಿ ಮೇಕೆಯ ಬಾಯಿ ಕೂಸಿನದಾಗಿತ್ತು, ಪೆಟ್ಟು ಮಾತ್ರ ಪೀರಮ್ಮನ ಬೆನ್ನಿಗೆ ಬೀಳುತ್ತಿತ್ತು, ಮತ್ತು ಕೋತಿ ಜಪಮಾಲೆ ಎಣಿಸುತ್ತಿತ್ತು. ಮಣಿಗಳು ಎಂದೂ ಇಲ್ಲದ ಅವಸರದಲ್ಲಿ ಓಡುತ್ತಿದ್ದವು.

ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಮೂವತ್ತು ವರ್ಷದ ವ್ರತದ ಮುದುಕಿ, ನಾಳೆಯಿಂದ ಸೊಸೆಯ ಮುಂದೆ ತಲೆಯೆತ್ತಿ ಒಂದು ಲೋಟ ನೀರು ಕೇಳಬೇಕಲ್ಲ? ಹದಿನೆಂಟು ಕೂಸುಗಳ ಎಷ್ಟೋ ಕಳ್ಳತನಗಳನ್ನು ಆಕೆ ಅಪ್ಪ ಅಮ್ಮಂದಿರಿಗೆ ಹೇಳದೆ ನುಂಗಿಕೊಂಡಿದ್ದಳು. ಇದು ಹತ್ತೊಂಬತ್ತನೆಯ ಕೂಸು, ಸ್ವಲ್ಪ ವಯಸ್ಸಾಗಿದೆ, ಅಷ್ಟೆ.

"ನಾ ಕೊಟ್ಟಿಲ್ರಿ ಅಕ್ಕೋರ," ಎಂದಳು. "ಡಬ್ಬಿ ತೆರೆದಿಟ್ಟು ಹೋದದ್ದು ನನ್ನ ತಪ್ಪು, ಖರೆ. ಹಿತ್ತಲದಾಗ ಒಂದು ಅಳಿಲದ, ಅದಕ್ಕ ಇಟ್ಟಿದ್ದೆ."

"ಅಳಿಲಿಗಿ ಕ್ಯಾಮೆರಾ ಯಾಕ ಮುಚ್ಚಬೇಕು?" ರಘುವೀರ ಗದರಿದ.

"ಅದಕ್ಕ ನಾಚಿಕಿ ಭಾಳರಿ."

ಇಂಥ ಹೊತ್ತಿನಲ್ಲೂ ನಾಲಿಗೆ ಸುಮ್ಮನಿರಲಿಲ್ಲ ನೋಡಿ! ರಘುವೀರನ ಮುಖ ಕೆಂಪಾಯಿತು. "ಚೇಷ್ಟಿ ಮಾಡ್ತೀರಾ? ನಾಳಿಂದ ಬರಬ್ಯಾಡ್ರಿ!"

ಹದಿನೇಳು ಮನೆಯಲ್ಲಿ ಕೇಳದ ಮಾತನ್ನು ಪೀರಮ್ಮ ಹದಿನೆಂಟನೆಯದರಲ್ಲಿ ಕೇಳಿದಳು. ಡಬ್ಬಿ ಮುಚ್ಚಿ, ಸೌಟು, ಪೌಡರ್ ಡಬ್ಬಿ ಎಲ್ಲ ಚೀಲಕ್ಕೆ ಹಾಕಿದಳು. ಸೌಟು ಎರಡು ಸಲ ಕೆಳಗೆ ಬಿತ್ತು. ಅಲ್ಮಾಸಳಿಗೆ ಏನು ಹೇಳುವುದು, ಮನೆಗೆ ಹೋಗಿ ಭೀಮಶ್ಯಾನಿಗೆ ಏನು ಹೇಳುವುದು ಎಂದು ತಿಳಿಯಲಿಲ್ಲ.

ಅಷ್ಟರಲ್ಲಿ ಕಲೆಕ್ಟರಮ್ಮ ಅಳು ನಿಲ್ಲಿಸಿ, ತಾಯಿಯ ತೋಳಿನಿಂದ ಜಾರಿ ಇಳಿದಳು. ಖಾರ ಇಳಿದಿತ್ತು, ರುಚಿ ಉಳಿದಿತ್ತು. ನೇರ ಅಜ್ಜಿಯ ಹತ್ತಿರ ಹೋಗಿ ಸೆರಗಿನ ಗಂಟು ಹಿಡಿದು ಜಗ್ಗಿ, "ಆ..." ಎಂದು ಬಾಯಿ ತೆರೆದು ನಿಂತಳು. ಗಂಟಿನ ಸುತ್ತ ತೆಳು ಹಳದಿ ಸೀರೆಯ ಮೇಲೆ ಹಸಿರು ಎಣ್ಣೆಯ ಕಲೆ ಅಂಗೈಯಗಲ ಹರಡಿತ್ತು.

ಮೊದಲು ಕಂಡದ್ದು ಪೀರಮ್ಮನಿಗೆ. ಚೀಲ ಅಲ್ಲೇ ಬಿಟ್ಟು ಧಡಕ್ಕನೆ ಹೋಗಿ, ಕಲೆ ಯಾರಿಗೂ ಕಾಣದಂತೆ ಅಡ್ಡ ನಿಂತು, ಕೂಸನ್ನು ಎತ್ತಿಕೊಂಡಳು. "ಬರ್ರಿ ಕಲೆಕ್ಟರಮ್ಮ, ಅಜ್ಜಿ ಜಪಕ್ಕ ಕುಂತಾರ, ತ್ರಾಸ ಕೊಡಬಾರದು," ಎಂದಳು.

ಅನಸೂಯಾಬಾಯಿ ಕಣ್ಣು ತೆರೆದಳು. ತನ್ನ ಮುಂದೆ ಅಡ್ಡ ನಿಂತ ಆ ಬೆನ್ನನ್ನು ನೋಡಿದಳು. ಕೈಯಲ್ಲಿನ ಮಾಲೆ ನಿಂತಿತು. ಮಾಲೆಯನ್ನು ಜಪದ ಚೀಲಕ್ಕೆ ಹಾಕಿ, ಪಕ್ಕಕ್ಕಿಟ್ಟು, ಸೆರಗಿನ ಗಂಟು ಬಿಚ್ಚಿದಳು. ಫರ್ಸಿಯ ಮೇಲೆ ಅರ್ಧ ರೊಟ್ಟಿ ಬಿತ್ತು, ಪಲ್ಯ ಬಿತ್ತು, ಬೆಳ್ಳುಳ್ಳಿಯ ಒಂದು ಎಸಳು ಉರುಳಿ ರಘುವೀರನ ಕಾಲ ಹತ್ತಿರ ಹೋಗಿ ನಿಂತಿತು.

"ರಘು, ಆ ಫೋನು ಬಾಜೂಕ ಇಡು," ಎಂದಳು. "ಇಲ್ಲಿ ನನ್ನ ನೋಡು. ಆ ಅಳಿಲು ನಾನೇ."

ರಘುವೀರ ಬೆಳ್ಳುಳ್ಳಿಯ ಎಸಳಿನಿಂದ ಕಾಲು ಹಿಂದಕ್ಕೆ ಎಳೆದುಕೊಂಡ.

"ಅವ್ವಾ... ಶಾಕವ್ರತ!" ಎಂದ ರಘುವೀರ ಕೊನೆಗೆ.

"ಮುರೀತು. ಹನ್ನೊಂದು ಸಲ ಮುರೀತು. ಅದನ್ನ ನಾ ದೇವರ ಮುಂದ ನಿಂತು ಹೇಳ್ಕೋತೀನಿ. ಆದ್ರ ಈಕಿ ಹೆಸರು ಕೆಡಸಿದ ಪಾಪ ನನಗ ಬ್ಯಾಡ. ಈಕಿ ನನಗ ಒಂದು ತುತ್ತೂ ಕೊಟ್ಟಿಲ್ಲ. ನಾನೇ ಕದ್ದು ತಿಂದೀನಿ." ಅಷ್ಟು ಹೇಳಿ, ಏನೋ ಹೊಳೆದಂತಾಗಿ ಶೆಲ್ಫಿನತ್ತ ನೋಡಿದಳು. "ಅಲ್ಲೋ, ಸೊಳ್ಳಿ ಯಂತ್ರದಾಗ ನಾ ತಿನ್ನೋದು ಹ್ಯಾಂಗ ಕಾಣ್ತದ?"

ರಘುವೀರ ತಲೆ ಬಗ್ಗಿಸಿದ. ಮೊದಲು ನಕ್ಕವಳು ಪ್ರಮಿತಾ. ಕಣ್ಣೀರು ಒರೆಸಿಕೊಳ್ಳುತ್ತಲೇ ನಕ್ಕಳು. ಆಮೇಲೆ ಪೀರಮ್ಮನ ಕೈ ಹಿಡಿದು, "ತಪ್ಪಾತು, ಪೀರಮ್ಮ. ನಾ ಆ ಮಾತು ಆಡಬಾರದಿತ್ತು" ಎಂದಳು. ರಘುವೀರನೂ ಏನೋ ಗೊಣಗಿದ, ಕ್ಷಮೆಯೇ ಇರಬೇಕು.

ಪೀರಮ್ಮ ಅಷ್ಟಕ್ಕೇ ಕರಗುವವಳಲ್ಲ. "ಬರಬ್ಯಾಡ್ರಿ ಅಂದದ್ದು ನನ್ನ ಕಿವ್ಯಾಗ ಇನ್ನಾ ಗುಂಯ್ ಅನ್ನಾಕತ್ತದ," ಎಂದಳು. "ಬರ್ಲೇನು ಬ್ಯಾಡೇನು, ಒಂದು ಮಾತಿನ ಮ್ಯಾಲ ಅದ. ನನ್ನ ಡಬ್ಬಿ ಇಷ್ಟು ದಿನದಿಂದ ಒಳಗ ಬಂದದ. ಡಬ್ಬಿ ಒಳಗ ಬರ್ತದಂದ್ರ ನಾನೂ ಒಳಗ ಬರ್ತೀನಿ. ಬೇವಿನ ಕಟ್ಟಿ ಖರೇ ಅಳಿಲಿಗೇ ಇರ್ಲಿ."

ಎಲ್ಲರೂ ಅನಸೂಯಾಬಾಯಿಯನ್ನು ನೋಡಿದರು. ಅರವತ್ತೆಂಟು ವರ್ಷದ ಅಭ್ಯಾಸ ಒಂದು ನಿಮಿಷದಲ್ಲಿ ಜರುಗುವುದಿಲ್ಲ. ಜರುಗಿತು ಎಂದು ಹೇಳಿದರೆ ನೀವೂ ನಂಬಬೇಡಿ. ಆಕೆ ನೆಲದ ಮೇಲೆ ಬಿದ್ದ ರೊಟ್ಟಿಯನ್ನು ನೋಡಿದಳು, ಹಸಿರಾದ ಸೆರಗನ್ನು ನೋಡಿದಳು. ಆಮೇಲೆ ತಾನು ಕುಳಿತಿದ್ದ ಚಾಪೆಯ ಮೇಲೆಯೇ ಸ್ವಲ್ಪ ಸರಿದು ಜಾಗ ಮಾಡಿದಳು.

"ಕುಂದ್ರು ಬಾ," ಎಂದಳು. "ಹಸದಿರಬೇಕು. ನಿನ್ನ ಊಟ ನಾ ತಿಂದೀನಲ್ಲ."

ಅನಸೂಯಾಬಾಯಿ ಪ್ರಾಯಶ್ಚಿತ್ತಕ್ಕೆ ಉಪವಾಸ ಮಾಡಿ, ಉಳಿದ ಮೂರು ತಿಂಗಳ ವ್ರತವನ್ನು ಒಂದು ದಿನವೂ ತಪ್ಪದೆ ಮುಗಿಸಿದಳು. ದಿನವೂ ಅದೇ ಚಾಪೆಯ ಮೇಲೆ ತನ್ನ ಸಪ್ಪೆ ಊಟ ಮಾಡುತ್ತ, ಪಕ್ಕದ ಡಬ್ಬಿಯತ್ತ ನೋಡದಿರಲು ಆಕೆ ಪಟ್ಟ ಕಷ್ಟ ಆ ದೇವರಿಗೇ ಗೊತ್ತು. ತುಳಸಿ ಮದುವೆ ಮುಗಿದ ಮರುದಿನ ಭೀಮಶ್ಯಾನಿಗೆ ಸುದ್ದಿ ಹೋಯಿತು: ಬೆಳ್ಳುಳ್ಳಿ ಎರಡು ಎಸಳು ಜಾಸ್ತಿ ಬೀಳಲಿ.

ಆ ವಾರವೇ ಪ್ರಮಿತಾಳ ಗೆಳತಿ ರಂಜನಾ ಚಿತ್ತಾಪುರದಿಂದ ಬಂದಿದ್ದಳು. ಅವಳಿಗೂ ಕೂಸಿದೆ, ನೌಕರಿಯಿದೆ, ಒಬ್ಬಳು ಹೆಂಗಸು ಬೇಕಾಗಿದೆ. "ಕೆಲಸಕ್ಕ ಇಟ್ಟುಕೊಳ್ಳೋಕ್ಕಿಂತ ಮುಂಚೆ ಏನೇನು ನೋಡಬೇಕ್ರಿ?" ಎಂದು ಕೇಳಿದಳು. ರಘುವೀರ ಉತ್ಸಾಹದಿಂದ ಫೋನು ತೆಗೆದ. "ಇಪ್ಪತ್ತಮೂರು ಪ್ರಶ್ನಿ ಅವ, ಕಳಸ್ತೀನಿ ತಡೀರಿ."

"ಅವೆಲ್ಲಾ ಆಮ್ಯಾಲ ಕೇಳ್ರಿ," ಎಂದಳು ಒಳಗಿಂದ ಅನಸೂಯಾಬಾಯಿ, ಬಾಯಿ ತುಂಬಿಕೊಂಡು. "ಮೊದ್ಲು ಆಕಿ ಡಬ್ಬಿ ತೆಗಸಿ, ಬಾಜೂಕ ಕುಂತು ಒಂದು ತುತ್ತು ತಿಂದು ನೋಡ್ರಿ."

"ಬರಕೋರಿ ಸಾಹೇಬ್ರ," ಎಂದಳು ಪೀರಮ್ಮ. "ಇಪ್ಪತ್ತನಾಕನೇದು."